ಬಾಪ ತಂದ ಬ್ಲಾಂಕೆಟ್

ನನ್ನ ಸೋಪಿನ ಮೇಲೆ ಈಗ ಬೇರೆಯವರ ಕೂದಲು ಇರುವುದಿಲ್ಲ. ದೊಡ್ಡವಳಾಗಿ, ಓದಿ, ಕೆಲಸ ಹಿಡಿದು ನೀನು ಸಂಪಾದಿಸಿದ್ದೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಕೇಳಿದವರು ನಗುತ್ತಾರೆ. ನಗಲಿ. ಬೆಳಗ್ಗೆ ಎದ್ದು, ಅರ್ಧ ಕಣ್ಣು ಮುಚ್ಚಿಕೊಂಡು ಸೋಪಿಗೆ ಕೈ ಹಾಕಿದಾಗ ಯಾರದೋ ಉದ್ದ ಕೂದಲು ಒದ್ದೆಯಾಗಿ ಬೆರಳಿಗೆ ಸುತ್ತಿಕೊಂಡ ಅನುಭವ ಇರುವವರು ಮಾತ್ರ ನಗುವುದಿಲ್ಲ.

ಪಡೀಲಿನಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ನನ್ನ ಫ್ಲ್ಯಾಟು. ಅದರಲ್ಲಿ ನನ್ನದೇ ಬಾತ್‌ರೂಮು, ನನ್ನದೇ ಬಕೆಟ್ಟು, ನನ್ನ ತಲೆ ಬಿಟ್ಟು ಬೇರೆ ಯಾರ ತಲೆಯೂ ಮುಟ್ಟದ ತಲೆದಿಂಬು. ಬಾತ್‌ರೂಮಿನ ನೆಲ ಒಣಗಿರುತ್ತದೆ. ಇದನ್ನು ಒತ್ತಿ ಹೇಳಬೇಕು, ನೆಲ ಒಣಗಿರುತ್ತದೆ. ಕೆಲಸದಿಂದ ಬಂದು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಿಳಿ ಬೆಡ್‌ಶೀಟಿನ ಮೇಲೆ ಕಾಲು ಚಾಚಿದರೆ ನನಗೆ ಬೇರೆ ಸ್ವರ್ಗ ಬೇಡ. ಫ್ಯಾನು ಎಷ್ಟು ಜೋರಾಗಿ ತಿರುಗಬೇಕು, ಲೈಟು ಯಾವಾಗ ಆರಬೇಕು, ಚಹಾಕ್ಕೆ ಶುಂಠಿ ಬೇಕೋ ಬೇಡವೋ, ಎಲ್ಲ ನನ್ನ ಇಷ್ಟ. ನನ್ನ ಪ್ರಾಯದವರು ಕಾರು, ಚಿನ್ನ, ಮಕ್ಕಳ ಶಾಲೆ ಎಂದು ಮಾತಾಡುವಾಗ ನನಗೆ ಹೇಳಲು ಇರುವುದು ಒಣಗಿದ ನೆಲ. ಮದುವೆಯ ವಿಷಯ ಬೇರೆ, ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ.

ನನಗೆ ಹೇಸಿಗೆ ಜಾಸ್ತಿ. ಹುಟ್ಟುಗುಣ. ಚಿಕ್ಕವಳಿದ್ದಾಗ ಬೇರೆಯವರು ಕುಡಿದ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲ, ಮದುವೆ ಮನೆಯಲ್ಲಿ ಒಂದೇ ತಟ್ಟೆಗೆ ನಾಲ್ಕು ಜನ ಕೈ ಹಾಕಿ ತಿನ್ನುವಾಗ ನಾನು ಹಸಿವಿಲ್ಲ ಎಂದು ಎದ್ದು ಹೋಗುತ್ತಿದ್ದೆ. 'ಇವಳಿಗೆ ಎಲ್ಲದಕ್ಕೂ ಓಕರಿಕೆ. ಇವಳನ್ನು ಯಾರು ಸಾಕ್ತಾರೋ' ಎಂದು ಉಮ್ಮ, ಅಂದರೆ ನನ್ನ ತಾಯಿ, ಬಂದವರೆದುರು ಹೇಳುತ್ತಿದ್ದಳು. ಅಂಥವಳು ಪಿಯುಸಿ ಮುಗಿಸಿ, ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತೇನೆ, ಪಿಜಿಯಲ್ಲಿ ಇರುತ್ತೇನೆ ಎಂದು ಹಟ ಹಿಡಿದೆ. ನಮ್ಮದು ಬಂಟ್ವಾಳ ದಾಟಿ ಇನ್ನೂ ಒಳಗಿನ ಊರು. ದಿನಾ ಹೋಗಿ ಬರಲು ಆಗುವ ದೂರವಲ್ಲ.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹೊರಗೆ ಇದ್ದು ಓದಿದವರಿಲ್ಲ. ಉಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಆದರೆ ಆ ವರ್ಷವಷ್ಟೇ ಗಲ್ಫಿನ ಕೆಲಸ ಬಿಟ್ಟು ಊರಿಗೇ ಬಂದಿದ್ದ ಬಾಪ, ಅಂದರೆ ನನ್ನ ತಂದೆ, ಹೋಗಲಿ ಎಂದರು. ಅವರು ಹೇಳಿದ ಮೇಲೆ ಉಮ್ಮ ಒಂದು ಷರತ್ತು ಹಾಕಿದಳು. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆ, ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

'ಅಲ್ಲಿಂದ ಒಂದು ಸಲ ಅತ್ಕೊಂಡು ಫೋನ್ ಮಾಡಿದ್ರೆ ಸಾಕು, ಅವತ್ತೇ ಕರ್ಕೊಂಡು ಬರ್ತೇವೆ. ಮತ್ತೆ ಕಾಲೇಜು ಗೀಲೇಜು ಅಂತ ಬಾಯಿ ಬಿಡ್ಲಿಕ್ಕಿಲ್ಲ.'

'ಅವಳು ಅಳುವುದಿಲ್ಲ' ಎಂದರು ಬಾಪ.

'ಇವಳಾ? ಸೋಪಿನಲ್ಲಿ ಕೂದಲು ಕಂಡ್ರೆ ಅಳ್ತಾಳೆ' ಎಂದಳು ಉಮ್ಮ. ನನ್ನನ್ನು ಅವಳಷ್ಟು ಬಲ್ಲವರು ಯಾರೂ ಇಲ್ಲ.

ಹೊರಡುವ ದಿನ ಉಮ್ಮ ಅಟ್ಟದಿಂದ ಬ್ಲಾಂಕೆಟ್ ಇಳಿಸಿದಳು. ಬಾಪ ತಂದ ಬ್ಲಾಂಕೆಟ್. ಇದರ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಗಂಡಸರು ಗಲ್ಫಿನ ಕೆಲಸ ಮುಗಿಸಿ ಊರಿಗೇ ಬಂದುಬಿಡುವಾಗ ಒಂದು ದೊಡ್ಡ ಬ್ಲಾಂಕೆಟ್ ತರಬೇಕು. ಯಾರು ಮಾಡಿದ ನಿಯಮವೋ ಗೊತ್ತಿಲ್ಲ. ಬೆವರಿನಲ್ಲೇ ಬದುಕುವ ಊರು ನಮ್ಮದು, ಆ ದಪ್ಪದ ಬ್ಲಾಂಕೆಟ್ ಹೊದ್ದು ಮಲಗಿದರೆ ಹಬೆಯಲ್ಲಿಟ್ಟ ಅಕ್ಕಿಯುಂಡೆ ಪುಂಡಿಯ ಹಾಗೆ ಬೇಯುತ್ತೇವೆ. ಆದರೂ ತರಬೇಕು. ಏರ್‌ಪೋರ್ಟಿನಿಂದ ಬರುವ ಕಾರಿನ ಮೇಲೆ ಅದು ಕಟ್ಟಿರಬೇಕು, ದಾರಿಯ ಅಂಗಡಿಯಲ್ಲಿ ಕುಳಿತವರಿಗೆ ಕಾಣಬೇಕು. ನಮ್ಮದು ಕಂದು ಬಣ್ಣದ್ದು, ತಟ್ಟೆಯಷ್ಟು ದೊಡ್ಡ ಗುಲಾಬಿ ಹೂಗಳದ್ದು, ಸುತ್ತ ನುಣ್ಣನೆಯ ಪಟ್ಟಿ ಹೊಲಿದದ್ದು. ಜಿಪ್ ಇರುವ, ಹಿಡಿಕೆ ಇರುವ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಕೂತಿತ್ತು. ಬಂದ ನೆಂಟರಿಗೆಲ್ಲ ಉಮ್ಮ ಕವರಿನ ಹೊರಗಿನಿಂದಲೇ ಮುಟ್ಟಿಸುತ್ತಿದ್ದಳು. ಜಿಪ್ ತೆಗೆಯಲು ಬಿಡುತ್ತಿರಲಿಲ್ಲ. ನೀರಿಗೆ ಹಾಕುವ ಮಾತಂತೂ ಇಲ್ಲವೇ ಇಲ್ಲ. ಅವಳ ಮಟ್ಟಿಗೆ ಗಲ್ಫಿನಿಂದ ಬಂದದ್ದು ಹುಟ್ಟುವಾಗಲೇ ಶುದ್ಧ, ಅದನ್ನು ತೊಳೆಯುವುದೆಂದರೆ ಅದಕ್ಕೆ ಅವಮಾನ.

ಉಮ್ಮನನ್ನು ಮಾತ್ರ ಏಕೆ ಹೇಳಲಿ, ನಾನೂ ಹಾಗೆಯೇ ನಂಬಿದ್ದೆ. ಬಾಪ ರಜೆಯಲ್ಲಿ ಬಂದು ಸೂಟ್‌ಕೇಸ್ ತೆರೆದಾಗ ಅದರೊಳಗೆ ಮುಖ ತೂರಿಸಿ ಮೂಸುತ್ತಿದ್ದವಳು ನಾನು. ಸೋಪು, ಅತ್ತರು, ಹೊಸ ಪ್ಲಾಸ್ಟಿಕ್ಕು ಎಲ್ಲ ಸೇರಿದ ಆ ವಾಸನೆಗೆ ನಾವು ಗಲ್ಫಿನ ವಾಸನೆ ಎನ್ನುತ್ತಿದ್ದೆವು. ಬಾಪ ಅಲ್ಲೊಂದು ಫರ್ನಿಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ. ದೊಡ್ಡ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ಅವರ ಫೋಟೋ ನಮ್ಮ ಮನೆಯ ಚಾವಡಿಯಲ್ಲಿ ತೂಗುತ್ತಿತ್ತು. ಎಸಿ ರೂಮು, ದಿನಾ ಬಿಸಿನೀರು, ಬೀದಿಯಲ್ಲಿ ಒಂದು ಕಸ ಇಲ್ಲ ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದರು. ಜಗತ್ತಿನಲ್ಲಿ ಎಲ್ಲೋ ಒಂದು ಕಡೆ ಕೊಳಕೇ ಇಲ್ಲದ ಜಾಗವಿದೆ, ನನ್ನ ಬಾಪ ಅಲ್ಲಿದ್ದಾರೆ ಎಂಬುದು ನನಗೆ ದೊಡ್ಡ ಸಮಾಧಾನವಾಗಿತ್ತು.

ಪಿಜಿ ಇದ್ದದ್ದು ವಾಮಂಜೂರಿನಲ್ಲಿ. ಹಿಂದೆ ಗದ್ದೆ, ಎದುರಿಗೆ ಅರ್ಧ ಕಟ್ಟಿದ ಮನೆಗಳು, ನಡೆದು ಹೋಗುವಷ್ಟು ಹತ್ತಿರ ಕಾಲೇಜು. ಮನೆಯ ಮಾಲಕಿ ಕೆಳಗೆ, ನಾವು ಹುಡುಗಿಯರು ಮೇಲೆ. ಮಾಲಕಿಯನ್ನು ಎಲ್ಲರೂ ಆಂಟಿ ಎನ್ನುತ್ತಿದ್ದೆವು. ಗೋಡೆಯ ತುಂಬ ಆಂಟಿಯ ಕೈಬರಹದ ನಿಯಮಗಳು, ಆದರೆ ಬಾತ್‌ರೂಮು ಉಜ್ಜಬೇಕೆಂಬ ನಿಯಮ ಮಾತ್ರ ಎಲ್ಲೂ ಇರಲಿಲ್ಲ. ನೀರು ಹೋಗುವ ತೂತಿನ ಮೇಲೆ ಕೂದಲಿನ ಉಂಡೆ, ಬಕೆಟ್ಟಿನ ಒಳಮೈಯಲ್ಲಿ ಬೆರಳು ಜಾರುವ ಲೋಳೆ, ವಾಶ್‌ಬೇಸಿನಿನಲ್ಲಿ ಒಣಗಿದ ಪೇಸ್ಟಿನ ಉಗುಳು. ಥೂ. ಬರೆಯುವಾಗಲೂ ಓಕರಿಕೆ ಬರುತ್ತದೆ. ಬೆಳಗ್ಗಿನ ಸಾಂಬಾರು ರಾತ್ರಿ ಬೇರೆ ಹೆಸರು ಹೇಳಿಕೊಂಡು ಬರುತ್ತಿತ್ತು. ನಾನು ಮೊಸರು, ಬಾಳೆಹಣ್ಣು ತಿಂದು ದಿನ ದೂಡಿದೆ.

ರೂಮಿನಲ್ಲಿ ನನ್ನ ಜೊತೆ ಇದ್ದವಳು ಕಡಲ ಬದಿಯವಳು. ಅಜ್ಜನ ಕಾಲದಿಂದಲೂ ಮೀನು ಹಿಡಿಯುವ ಮನೆ, ಅವಳ ಅಪ್ಪ ಈಗ ಮೀನಿನ ವ್ಯಾಪಾರದಲ್ಲಿದ್ದರು. ಅವಳಿಗೆ ಹೇಸಿಗೆ ಎಂಬ ಪದಾರ್ಥವೇ ಇರಲಿಲ್ಲ. ಬಂದ ದಿನವೇ ಆ ಕೂದಲಿನ ಉಂಡೆಯನ್ನು ಬರಿಗೈಯಲ್ಲಿ ಎತ್ತಿ ಕಿಟಕಿಯಿಂದ ಹೊರಗೆ ಬಿಸಾಡಿ, ಕೈ ತೊಳೆದು, ಚಕ್ಕುಲಿ ತಿಂದಳು. ನಾನು ಬಾಯಿಗೆ ದುಪ್ಪಟ್ಟಾ ಹಿಡಿದುಕೊಂಡು ನಿಂತದ್ದನ್ನು ನೋಡಿ ಅವಳು ಅಂದಳು, 'ನೀನು ಪಿಜಿಗೆ ಯಾಕೆ ಬಂದದ್ದು ಮಾರಾಯ್ತಿ? ಯಾವುದಾದ್ರೂ ಅರಮನೆ ನೋಡ್ಬೇಕಿತ್ತು.' ಅವಳು ಒಳ್ಳೆಯವಳು. ಆದರೆ ಆಗ ನನಗೆ ಅವಳನ್ನು ಕಂಡರೂ ಅಷ್ಟಕ್ಕಷ್ಟೆ.

ಹೇಗೋ ಸಹಿಸಿಕೊಂಡೆ. ಅತ್ತು ಫೋನ್ ಮಾಡಿದರೆ ಕಾಲೇಜು ಹೋಯಿತು ಎಂಬುದು ತಲೆಯಲ್ಲಿ ಇದ್ದೇ ಇತ್ತು. ಹಲ್ಲು ಕಚ್ಚಿಕೊಂಡು ಸ್ನಾನ ಮಾಡಿದೆ, ಹಲ್ಲು ಕಚ್ಚಿಕೊಂಡು ಉಂಡೆ. ಉಮ್ಮ ದಿನಾ ಸಂಜೆ ಫೋನ್ ಮಾಡಿ 'ಹೇಗುಂಟು?' ಎಂದು ಬಲೆ ಬೀಸುತ್ತಿದ್ದಳು. 'ಚೆನ್ನಾಗುಂಟು, ಊಟ ಭಾರೀ ಲಾಯ್ಕ್' ಎನ್ನುತ್ತಿದ್ದೆ. ಬ್ಲಾಂಕೆಟನ್ನು ಮಾತ್ರ ಕವರಿನಿಂದ ತೆಗೆಯದೆ ಕಪಾಟಿನ ಮೇಲೆ ಇಟ್ಟುಕೊಂಡಿದ್ದೆ. ಆ ಕೊಳಕಿನ ನಡುವೆ ಅದೊಂದೇ ನಮ್ಮ ಮನೆಯದ್ದು, ಸ್ವಚ್ಛವಾದದ್ದು. ಅದನ್ನು ನೋಡಿಕೊಂಡು ನಿದ್ದೆ ಮಾಡುತ್ತಿದ್ದೆ.

ಆಮೇಲೆ ಮಳೆ ಹಿಡಿಯಿತು. ಬಿಡದೆ ಹೊಡೆಯಿತು. ಕಿಟಕಿಯ ಸಂದಿಯಿಂದ ನೀರು ಇಳಿದು ನನ್ನ ನಾರಿನ ಹಾಸಿಗೆಯ ಒಂದು ಬದಿ ತೇವವಾಯಿತು. ನೆನೆದ ಗೋಣಿಯ ವಾಸನೆ. ಅದರ ಮೇಲೆ ತೆಳ್ಳಗಿನ ಬೆಡ್‌ಶೀಟ್ ಹಾಕಿ ಮಲಗಿದರೆ ಆ ವಾಸನೆ ಬೆನ್ನಿಗೇ ಅಂಟುತ್ತಿತ್ತು. ಆ ರಾತ್ರಿ ನಾನು ಸೋತು, ಕವರಿನ ಜಿಪ್ ಎಳೆದೆ. ಗಲ್ಫಿನ ವಾಸನೆ ಬಂತು. ಬ್ಲಾಂಕೆಟನ್ನು ಅರ್ಧ ಹಾಸಿ, ಅರ್ಧ ಹೊದ್ದು ಮಲಗಿದಾಗ ಮನೆಯ ನೆನಪಾಗಿ ಕಣ್ಣು ಒದ್ದೆಯಾಯಿತು. ಒದ್ದೆಯಾದದ್ದಷ್ಟೆ, ಅತ್ತದ್ದಲ್ಲ.

ಮೊದಲು ಹಿಮ್ಮಡಿಯ ಮೇಲೆ ತುರಿಸಿತು. ಸೊಳ್ಳೆ ಎಂದುಕೊಂಡೆ. ಆಮೇಲೆ ಕುತ್ತಿಗೆ, ಆಮೇಲೆ ಸೊಂಟ. ಸೊಳ್ಳೆ ಕಂಬಳಿಯೊಳಗೆ ಬರುವುದಿಲ್ಲವಲ್ಲ ಎಂದು ಮೊಬೈಲಿನ ಟಾರ್ಚ್ ಹಾಕಿದೆ. ಹಾಸಿಗೆಯ ಅಂಚಿನಲ್ಲಿ ಹುರುಳಿಕಾಳಿನಷ್ಟು ಕಂದು ಹುಳ ಒಂದು ಬೆಳಕಿಗೆ ಹೆದರಿ ಓಡುತ್ತಿತ್ತು. ಏನು ಎತ್ತ ಯೋಚಿಸದೆ ಹೆಬ್ಬೆರಳಿನಿಂದ ಒತ್ತಿದೆ. ಪಿಚಕ್ ಎಂದಿತು. ಬೆರಳಿನ ತುಂಬ ರಕ್ತ. ಅದು ನನ್ನ ರಕ್ತ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಮತ್ತೆ ಆ ವಾಸನೆ, ಕೊಳೆತ ಕೊತ್ತಂಬರಿ ಸೊಪ್ಪಿನದ್ದು. ಇವತ್ತಿಗೂ ನನ್ನ ಮನೆಗೆ ಕೊತ್ತಂಬರಿ ಸೊಪ್ಪು ಬರುವುದಿಲ್ಲ.

ತಿಗಣೆ. ನೋಡಿರದಿದ್ದರೂ ಗೊತ್ತಾಯಿತು. ಮೈಯೆಲ್ಲ ಮುಳ್ಳೆದ್ದಿತು. ನನಗಿಂತ ಮೊದಲು ಆ ಹಾಸಿಗೆಯಲ್ಲಿ ಮಲಗಿದ, ನಾನು ಕಂಡಿರದ ಹುಡುಗಿಯರೆಲ್ಲ ಕಣ್ಣೆದುರು ಬಂದರು. ಅವರ ಬೆವರು, ಅವರ ತಲೆಯ ಎಣ್ಣೆ, ಅವರ ರಕ್ತ ಕುಡಿದು ಬೆಳೆದ ಹುಳಗಳ ಮಕ್ಕಳು ಮೊಮ್ಮಕ್ಕಳು ಈಗ ನನ್ನ ಸೊಂಟದ ಹತ್ತಿರ ಕುಳಿತಿವೆ. ಆಂಟಿಗೆ ಮನಸ್ಸಿನಲ್ಲೇ ಬೈದೆ. ನನಗೆ ಅಷ್ಟು ಬೈಗುಳ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಗಲ್ಫಿನವರ ಮನೆಯ ಹುಡುಗಿ ಮಾತ್ರ ಮಾಡಲು ಸಾಧ್ಯ. ಹಾಸಿಗೆಯ ತಿಗಣೆಯಿಂದ ತಪ್ಪಿಸಿಕೊಳ್ಳಬೇಕೆಂದು ಬಾಪನ ಬ್ಲಾಂಕೆಟನ್ನು ಕಾಲಿನ ಬೆರಳಿನಿಂದ ಕುತ್ತಿಗೆಯವರೆಗೆ ಬಿಗಿಯಾಗಿ ಸುತ್ತಿಕೊಂಡೆ. ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಬಟ್ಟೆ ಸುತ್ತುವ ಹಾಗೆ, ಎಲ್ಲೂ ಸಂದಿ ಬಿಡದೆ. ಕಚ್ಚುವುದು ಹೆಚ್ಚಾಯಿತು. ಇನ್ನೂ ಬಿಗಿ ಮಾಡಿದೆ. ಇನ್ನೂ ಹೆಚ್ಚಾಯಿತು. ಮಂಚ ಬಿಟ್ಟು, ಬ್ಲಾಂಕೆಟ್ ಸಮೇತ ಹೋಗಿ ಕುರ್ಚಿಯಲ್ಲಿ ಕುಳಿತೆ. ಅಲ್ಲೂ ಕಚ್ಚಿದವು. ಕುರ್ಚಿಯಲ್ಲೂ ಇದೆ ಎಂದರೆ ಇಡೀ ಮನೆಗೇ ಹಿಡಿದಿದೆ ಎಂದು ತೀರ್ಮಾನಿಸಿದೆ. ನಾನು ಓದಲು ಬಂದದ್ದು ವಿಜ್ಞಾನ.

ನನ್ನ ಗಲಾಟೆಗೆ ಎದುರಿನ ಮಂಚದವಳು ಎದ್ದಳು. 'ಎಂತ ಮಾಡ್ತಿದ್ದೀ?'

'ತಿಗಣೆ ಉಂಟು. ಇಡೀ ರೂಮಿನಲ್ಲಿ ಉಂಟು. ನಿನಗೆ ಕಚ್ಚುವುದಿಲ್ವಾ?'

'ನನಗೆ ಎಂತ ಇಲ್ಲ. ನಿನಗೂ ನಿನ್ನೆಯವರೆಗೆ ಇರ್ಲಿಲ್ಲ ಅಲ್ವಾ?'

'ನಿನ್ನ ಚರ್ಮ ದಪ್ಪ.'

'ಆಯ್ತು ಮಾರಾಯ್ತಿ, ನನ್ನದು ದಪ್ಪ, ನಿನ್ನದು ಗಲ್ಫಿನ ಚರ್ಮ. ಈಗ ಮಲಗು' ಎಂದು ಅವಳು ಆಚೆ ತಿರುಗಿದಳು. ಮರುಕ್ಷಣ ಗೊರಕೆ.

ನಾನು ಮಲಗಲಿಲ್ಲ. ಕುರ್ಚಿಯಲ್ಲಿ ಕುಳಿತು ಕೆರೆದುಕೊಂಡೆ. ರಕ್ತ ಬರುವಷ್ಟು ಕೆರೆದುಕೊಂಡೆ. ಮಡಿಲಲ್ಲಿ ಮೊಬೈಲ್. ಫೋನ್ ಮಾಡಿದರೆ ಕಾಲೇಜು ಮುಗಿಯಿತು, ಮಾಡದಿದ್ದರೆ ನಾಳೆಯೂ ಇದೇ ಮಂಚ. ಮನೆಯ ನನ್ನ ಚಾಪೆ, ಉಮ್ಮ ಬಿಸಿಲಿಗೆ ಹಾಕಿ ಒಣಗಿಸಿದ ತಲೆದಿಂಬು ನೆನಪಾಯಿತು. ಓದಿ ಏನಾಗಬೇಕು ಎನಿಸಿತು. ಅಷ್ಟು ಆಸೆಪಟ್ಟು, ಉಮ್ಮನ ಜೊತೆ ಜಗಳವಾಡಿ ಪಡೆದದ್ದನ್ನು ಒಂದು ಹುಳಕ್ಕಾಗಿ ಬಿಟ್ಟುಕೊಡುವುದಕ್ಕೆ ನಾನು ತಯಾರಾಗಿದ್ದೆ. ದೂರದ ಮಸೀದಿಯಿಂದ ಬೆಳಗಿನ ಜಾವದ ಸುಬಹಿಯ ಬಾಂಗ್ ಕೇಳಿತು. ಬಾಪ ನಮಾಝಿಗೆ ಎದ್ದಿರುತ್ತಾರೆ. ಅವರ ನಂಬರು ಒತ್ತಿದೆ. 'ಬಾಪ' ಎಂದೆ, ಅಳು ಒತ್ತಿಕೊಂಡು ಬಂತು.

'ಎಂತ ಆಯ್ತು ಮಗಳೇ?'

'ನನ್ನನ್ನು ಕರ್ಕೊಂಡು ಹೋಗಿ. ಇಲ್ಲಿ ತಿಗಣೆ ಉಂಟು. ರಾತ್ರಿಯಿಡೀ ನಿದ್ದೆ ಇಲ್ಲ. ಇಲ್ಲಿ ಮಲಗುವವರು ಮನುಷ್ಯರೇ ಅಲ್ಲ ಬಾಪ. ಮನುಷ್ಯರಾದವರು ಇಂಥ ಕಡೆ ಒಂದು ದಿನ ಮಲಗ್ಲಿಕ್ಕಿಲ್ಲ.'

ಲೈನು ಕಟ್ಟಾಯಿತೆಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ.

'ಉಮ್ಮ ಎದ್ದಿಲ್ಲ. ನಾನು ಬರ್ತೇನೆ' ಎಂದರು ಬಾಪ.

ಮೊದಲ ಬಸ್ಸಿಗೆ ಹೊರಟು, ಪಡೀಲಿನಲ್ಲಿ ಇಳಿದು, ರಿಕ್ಷಾ ಹಿಡಿದು ಬಂದರು. ನಾನು ಬ್ಯಾಗ್ ಕಟ್ಟಿ ತಯಾರಾಗಿ ಗೇಟಿನಲ್ಲೇ ನಿಂತಿದ್ದೆ. ಮಳೆ ಬಿಟ್ಟಿತ್ತು. ಬಾಪನನ್ನು ಕಂಡ ಕೂಡಲೇ ಆಂಟಿ ಹೊರಗೆ ಬಂದು, 'ಗಂಡಸರು ಸಿಟೌಟ್ ದಾಟ್ಲಿಕ್ಕಿಲ್ಲ' ಎಂದರು. ಆಂಟಿಗೆ ಬಾಪ ನಾಲ್ಕು ಮಾತು ಹೇಳಲಿ ಎಂದು ನಾನು ಕಾದೆ. ಹೇಳಲಿಲ್ಲ. ನನ್ನ ಕೈ ಹಿಡಿದು, ತೋಳನ್ನು ತಿರುಗಿಸಿ ನೋಡಿದರು. ಸಾಲಾಗಿ ಎದ್ದ ಕೆಂಪು ಗುಳ್ಳೆಗಳು. ಅವರು ಅದನ್ನು ನೋಡಿದ ರೀತಿ ನನಗೆ ಸರಿ ಕಾಣಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಎನ್ನುತ್ತಿದ್ದರು.

'ಯಾವುದರಲ್ಲಿ ಮಲಗಿದ್ದು, ಎಲ್ಲ ಕೆಳಗೆ ತಾ' ಎಂದರು.

ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಗದ್ದೆ. ರೂಮಿನವಳೂ ನಾನೂ ಸೇರಿ ಹಾಸಿಗೆ ಇಳಿಸಿದೆವು, ಬ್ಲಾಂಕೆಟ್ ನಾನೇ ತಂದೆ. 'ಇದಕ್ಕೆಂತ ಆಗಿಲ್ಲ, ಇದು ನಮ್ಮದು' ಎಂದು ಬದಿಗಿಡಲು ಹೋದೆ. ಬಾಪ ಹಾಸಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೈಯಿಂದ ಬ್ಲಾಂಕೆಟ್ ತೆಗೆದುಕೊಂಡು ಕಲ್ಲಿನ ಮೇಲೆ ಹಾಸಿ, ಸುತ್ತ ಹೊಲಿದ ನುಣ್ಣನೆಯ ಪಟ್ಟಿಯನ್ನು ಉಗುರಿನಿಂದ ಬಿಡಿಸಿದರು.

ನಾನು ನೋಡಿದೆ. ನೋಡಬಾರದಿತ್ತು. ಪಟ್ಟಿಯ ಒಳಗೆ ಉದ್ದಕ್ಕೂ ಕಪ್ಪು ಕಪ್ಪು ಕಲೆ, ಒಂದರ ಮೇಲೊಂದು ಒಣಗಿ ಕರಕಲಾದದ್ದು. ಬಿಳಿ ಮೊಟ್ಟೆಗಳು. ಬಿಟ್ಟುಹೋದ ಸಿಪ್ಪೆಗಳು, ಪದರ ಪದರವಾಗಿ. ನಡುವೆ ರಾತ್ರಿ ನನ್ನನ್ನು ಕುಡಿದು ಉಬ್ಬಿದವು ಮೆಲ್ಲಗೆ ಜರುಗುತ್ತಿದ್ದವು. ಇದು ಒಂದು ರಾತ್ರಿಯ ಕೆಲಸವಲ್ಲ, ವರ್ಷಗಳದ್ದು ಎಂದು ನನ್ನಂಥವಳಿಗೂ ತಿಳಿಯುತ್ತಿತ್ತು. ಇಡೀ ರಾತ್ರಿ ನಾನು ಕುತ್ತಿಗೆಯವರೆಗೆ ಎಳೆದುಕೊಂಡದ್ದು ಇದನ್ನು. ಮೂಗಿಗೆ ಹಿಡಿದು ಮೂಸಿದ್ದು ಇದನ್ನು. ಬಾಳೆಯ ಬುಡಕ್ಕೆ ಓಡಿ ವಾಂತಿ ಮಾಡಿದೆ. ಹೊಟ್ಟೆಯಲ್ಲಿ ಏನೂ ಇಲ್ಲದ್ದರಿಂದ ಬರೀ ಹಳದಿ ನೀರು ಬಂತು.

ತಿರುಗಿ ಬಂದಾಗ ಬಾಪ ಹಾಗೆಯೇ ನಿಂತಿದ್ದರು.

'ಇವು ಇಲ್ಲಿಯವಲ್ಲ ಮಗಳೇ. ನಮ್ಮವು' ಎಂದರು.

'ಹೊಸ ಬ್ಲಾಂಕೆಟ್ ಅಲ್ವಾ ಇದು?'

'ಕವರ್ ಮಾತ್ರ ಹೊಸತು.'

ರೂಮಿನವಳು ಏನೂ ಕೇಳಿಸದವಳ ಹಾಗೆ ಮೆಟ್ಟಿಲಿನ ಕಡೆ ನಡೆದಳು. ಬಾಪ ಗದ್ದೆಯ ಕಡೆ ಮುಖ ಮಾಡಿ, ತುಂಡು ತುಂಡಾಗಿ ಹೇಳಿದರು. ಊರಿಗೆ ಹೊರಟಾಗ ಬ್ಲಾಂಕೆಟ್ ಇಲ್ಲದೆ ಬರುವುದು ಹೇಗೆ, ನೋಡಿದವರು ಏನು ಹೇಳುತ್ತಾರೆ ಎಂದು, ತಾವು ಹಾಸಿಕೊಂಡು ಮಲಗುತ್ತಿದ್ದದ್ದನ್ನೇ ಬಿಸಿನೀರಿನಲ್ಲಿ ತೊಳೆಸಿ, ಅಂಗಡಿಯಿಂದ ಖಾಲಿ ಕವರ್ ತಂದು ತುಂಬಿಸಿದ್ದರ ವಿಷಯ. ಎಲ್ಲ ಸತ್ತಿರುತ್ತವೆ ಎಂದುಕೊಂಡಿದ್ದರಂತೆ. ಒಂದರ ಮೇಲೊಂದು ಮಂಚಗಳಿದ್ದ ಕೋಣೆಯ ವಿಷಯ. ಒಬ್ಬ ಎದ್ದು ಕೆಲಸಕ್ಕೆ ಹೋದರೆ ಆ ಬಿಸಿ ಆರುವ ಮೊದಲೇ ಅದೇ ಜಾಗದಲ್ಲಿ ಇನ್ನೊಬ್ಬ ಮಲಗುತ್ತಿದ್ದದ್ದು.

'ಎಸಿ ರೂಮು ಅಂತ ಹೇಳಿದ್ರಿ.'

'ಎಸಿ ಇತ್ತು.'

'ಆ ಫೋಟೋದ ಸೋಫಾ?'

'ಅಂಗಡಿಯದ್ದು. ಮಾರ್ಲಿಕ್ಕೆ ಇಟ್ಟದ್ದು.'

'ಹೇಗೆ ಮಲಗ್ತಿದ್ರಿ ಬಾಪ?'

'ಅಭ್ಯಾಸ ಆಗ್ತದೆ' ಎಂದರು. ಎಂದು ಸ್ವಲ್ಪ ನಕ್ಕರು.

ನನಗೆ ಆಗ ಕನಿಕರ ಬರಬೇಕಿತ್ತು. ಓದಿದವರು ಇಂಥದ್ದನ್ನು ಬರೆಯುವಾಗ ಕಣ್ಣೀರು ಬಂತು ಎನ್ನುತ್ತಾರೆ. ನನಗೆ ಬಂದದ್ದು ಹೇಸಿಗೆ. ತಿಗಣೆಯ ಮೇಲಲ್ಲ. ಆ ನಗುವಿನ ಮೇಲೆ, ಆ 'ಅಭ್ಯಾಸ' ಎಂಬ ಮಾತಿನ ಮೇಲೆ. ನಮ್ಮ ಚಾವಡಿಯ ಹೊಳೆಯುವ ಟೈಲ್ಸಿನ ಮೇಲೆ, ಕವರಿನ ಹೊರಗಿನಿಂದ ಬ್ಲಾಂಕೆಟ್ ಸವರಿ 'ಎಷ್ಟು ಮೆತ್ತಗುಂಟು' ಎಂದ ನೆಂಟರ ಮೇಲೆ, ಸೂಟ್‌ಕೇಸಿಗೆ ಮುಖ ತೂರಿಸುತ್ತಿದ್ದ ನನ್ನ ಮೂಗಿನ ಮೇಲೆ. ನಾನು ಬೇರೆಯವರ ಲೋಟದಲ್ಲಿ ನೀರು ಕುಡಿಯದೆ ಮಹಾರಾಣಿಯ ಹಾಗೆ ಬೆಳೆದೆನಲ್ಲ, ಆ ಅಷ್ಟೂ ವರ್ಷ ಈ ಮನುಷ್ಯ ಬೇರೆಯವರ ಬೆವರಿನ ಮೇಲೆ ಮಲಗಿ ರಾತ್ರಿಯಿಡೀ ರಕ್ತ ಕೊಟ್ಟಿದ್ದಾರೆ. ಅದನ್ನು ನೆನೆದರೆ ಈಗಲೂ ನನಗೆ ಅಳು ಬರುವುದಿಲ್ಲ. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆಯುತ್ತೇನೆ.

'ಉಮ್ಮನಿಗೆ ಹೇಳ್ಬೇಡ' ಎಂದರು ಬಾಪ. ಅವರ ಸ್ವರ ನಾನು ಅಲ್ಲಿಯವರೆಗೆ ಕೇಳಿರದಷ್ಟು ಸಣ್ಣಗಿತ್ತು. 'ನಾನು ಚೆನ್ನಾಗಿದ್ದೆ ಅಂತ ಅವಳು ಇದ್ದಾಳೆ. ಹಾಗೇ ಇರ್ಲಿ.'

'ನಾನು ಫೋನ್ ಮಾಡಿದ್ದು?'

'ಯಾವ ಫೋನ್?'

ನಾನು ಮತ್ತೆ ಕೇಳಿದೆ, 'ಬ್ಲಾಂಕೆಟ್ ಎಲ್ಲಿ ಅಂತ ಉಮ್ಮ ಕೇಳಿದ್ರೆ?'

'ನಿನ್ನ ಹತ್ರ ಪಿಜಿಯಲ್ಲಿ ಉಂಟು ಹೇಳ್ತೇನೆ. ನೀನು ಇಲ್ಲಿರುವವರೆಗೆ ಅದೂ ಇಲ್ಲೇ.' ನನ್ನ ಕಟ್ಟಿಟ್ಟ ಬ್ಯಾಗಿನ ಕಡೆ ನೋಡಿದರು. 'ನೀನು ಇವತ್ತು ಮನೆಗೆ ಬಂದ್ರೆ ಅವಳು ಮೊದಲು ಕೇಳುವುದು ಅದನ್ನೇ.'

ಓದು ಮಗಳೇ ಎಂದು ಅವರು ಹೇಳಲಿಲ್ಲ. ಧೈರ್ಯ ಹೇಳಲಿಲ್ಲ. ನಾನು ಮನೆಗೆ ಹೋದರೆ ಅವರ ಮಾನ ಹೋಗುತ್ತಿತ್ತು. ಹಾಗಾಗಿ ನಾನು ಹೋಗಲಿಲ್ಲ. ನನ್ನ ಕಾಲೇಜು ಉಳಿದದ್ದು ಹೀಗೆ, ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

ಆಂಟಿಯ ಹಿತ್ತಲಿನಲ್ಲಿ ತೆಂಗಿನ ಸಿಪ್ಪೆ ಹಾಕಿ ಸ್ನಾನದ ನೀರು ಕಾಯಿಸುವ ಒಲೆ ಉರಿಯುತ್ತಿತ್ತು. ಬಾಪ ಬ್ಲಾಂಕೆಟನ್ನು ಅಲ್ಲಿದ್ದ ಕತ್ತಿಯಿಂದ ಕೊಯ್ದು ಕೊಯ್ದು ಒಲೆಗೆ ತುರುಕಿದರು. ಗುಲಾಬಿ ಹೂಗಳು ಕರಗಿ, ಕಪ್ಪಾಗಿ, ಅಂಟು ಅಂಟಾಗಿ ಉರಿದವು. ಎಂತ ಅದು ವಾಸನೆ ಎಂದು ಆಂಟಿ ಒಳಗಿನಿಂದ ಕೂಗಿದರು. 'ಹಳೆ ಬಟ್ಟೆ' ಎಂದರು ಬಾಪ. ಅವರು ಮೇಲೆ ಹೋಗುವಂತಿಲ್ಲವಾದ್ದರಿಂದ ರೂಮಿನವಳು ಕುದಿಯುವ ನೀರು ಹೊತ್ತುಕೊಂಡು ಹೋಗಿ ನನ್ನ ಮಂಚದ ಸಂದಿಗಳಿಗೆಲ್ಲ ಸುರಿದಳು. ಕುರ್ಚಿಗೂ, ಕೆಳಗೆ ಬಂದು ಹಾಸಿಗೆಗೂ ಸುರಿದಳು. ಕಾಲೇಜು ಮುಗಿಯುವವರೆಗೂ ಅವಳು ಈ ವಿಷಯ ಯಾರಿಗೂ ಹೇಳಲಿಲ್ಲ, ನನ್ನನ್ನು ಒಂದು ಸಲವೂ ಕುಟುಕಲಿಲ್ಲ. ಉಳಿದದ್ದಕ್ಕೆಲ್ಲ ಕುಟುಕುತ್ತಿದ್ದಳು.

ಉಮ್ಮ ವರ್ಷಗಟ್ಟಲೆ ಫೋನಿನಲ್ಲಿ ಬ್ಲಾಂಕೆಟಿನ ಯೋಗಕ್ಷೇಮ ವಿಚಾರಿಸಿದಳು. ಚೆನ್ನಾಗುಂಟು ಎನ್ನುತ್ತಿದ್ದೆ. ಕೆಲಸ ಸಿಕ್ಕಿ ಪಿಜಿ ಬಿಡುವಾಗ, ಮಳೆಗೆ ನೆನೆದು ಹಾಳಾಯಿತು ಎಂದು ಸುಳ್ಳು ಹೇಳಿದೆ. 'ನೀನು ತೊಳೆದಿದ್ದೀ' ಎಂದು ಉಮ್ಮ ಬೈದಳು. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಅವಳು ಬೈಯುವಾಗ ಬಾಪ ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದರಂತೆ.

ಈಗ ಬಾಪನ ಮಂಡಿ ನೋವಿಗೆ ಡಾಕ್ಟರು ಇರುವುದು ಮಂಗಳೂರಿನಲ್ಲಿ. ಹಾಗಾಗಿ ತಿಂಗಳಲ್ಲಿ ಕೆಲವು ದಿನ ಇಬ್ಬರೂ ನನ್ನ ಫ್ಲ್ಯಾಟಿಗೆ ಬರುತ್ತಾರೆ. ಅವರು ಬರುವ ಮೊದಲೇ ನಾನು ಅವರ ಕೋಣೆಗೆ ಒಳ್ಳೆಯ ಹಾಸಿಗೆ ತರಿಸಿದ್ದೆ. ಅಂಗಡಿಯಲ್ಲಿ ಎಲ್ಲದರ ಮೇಲೂ ಮಲಗಿ ನೋಡಿ ಆರಿಸಿದ್ದು, ಬಿಳಿಯದ್ದು, ದಪ್ಪದ್ದು. ಮೊದಲ ದಿನ ಉಮ್ಮ ಅದರ ಮೇಲೆ ಕುಳಿತು, 'ನಿಮ್ಮ ಗಲ್ಫಿನ ರೂಮಿನಲ್ಲಿ ಹೀಗೇ ಇತ್ತಲ್ವಾ?' ಎಂದು ಬಾಪನನ್ನು ಕೇಳಿದಳು. 'ಹೂಂ, ಹೆಚ್ಚುಕಡಿಮೆ' ಎಂದರು ಬಾಪ. ನಾನು ಅಡಿಗೆಮನೆಗೆ ಹೋದೆ.

ಒಂದು ದಿನ ಊಟವಾದ ಮೇಲೆ ಅವರ ಮಾತ್ರೆ ಕೊಡಲು ಕೋಣೆಗೆ ಹೋದೆ. ಉಮ್ಮ ಹೊರಗೆ ಟಿವಿ ನೋಡುತ್ತಿದ್ದಳು. ಬಾಪ ನೋವಿನ ಮಂಡಿಯನ್ನು ಒಂದು ಕೈಯಿಂದ ಹಿಡಿದುಕೊಂಡು ಬಾಗಿ, ಇನ್ನೊಂದು ಕೈಯಿಂದ ಹಾಸಿಗೆಯ ಮೂಲೆ ಎತ್ತಿ, ಕನ್ನಡಕವನ್ನು ಹಣೆಗೇರಿಸಿ ಹೊಲಿಗೆಯ ಉದ್ದಕ್ಕೂ ನೋಡುತ್ತಿದ್ದರು. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಶೀಟು ಒಗೆಸುವವಳು, ನನ್ನ ಮನೆಗೆ ಬಂದು ಇವರು ಹುಡುಕುತ್ತಿದ್ದಾರೆ.

'ನನ್ನ ಮನೆಯಲ್ಲಿ ತಿಗಣೆ ಇಲ್ಲ ಬಾಪ. ದಿನಾ ಹೀಗೆ ನೋಡ್ತೀರಾ?'

'ದಿನಾ ನೋಡ್ತೇನೆ.'

'ಇಲ್ಲ ಅಂತ ಗೊತ್ತಿಲ್ವಾ ನಿಮಗೆ?'

'ಗೊತ್ತುಂಟು' ಎಂದರು, ಮೂಲೆಯನ್ನು ಕೆಳಗಿಳಿಸದೆ. 'ಎಂತ ಇಲ್ಲದ್ದನ್ನು ನೋಡ್ಲಿಕ್ಕೆ ಒಂದು ಖುಷಿ ಆಗ್ತದೆ. ಬಾ, ನೀನೂ ನೋಡು.'

ನಾನು ಹೋಗಿ ನೋಡಿದೆ.